ಯಾರು ನೋಡಬಹುದು, ಯಾರು ತಿದ್ದಬಹುದು

೨೦೦೬ರ ಜೂನ್ ಹದಿನಾಲ್ಕರಂದು ಸೀತಕ್ಕ ಎಂಬ ಕೂಲಿ ಹೆಂಗಸಿನ ಮೂವತ್ತು ಗುಂಟೆ ಗದ್ದೆ ಕಂಪ್ಯೂಟರಿನಲ್ಲಿ ಪಕ್ಕದ ಜಮೀನುದಾರರ ಹೆಸರಿಗೆ ಹೋಯಿತು. ಸೀತಕ್ಕ ಗದ್ದೆ ಮಾರಿರಲಿಲ್ಲ.

ಈಗ ಆಗಸ್ಟ್. ಬೆಳಿಗ್ಗೆ ಏಳಕ್ಕೆ ಬಾಳೆಹೊನ್ನೂರಿನ ಮೊದಲ ಬಸ್ಸಿಳಿದ ದಾಕ್ಷಾಯಿಣಿ ಭೂದಾಖಲೆ ಕಚೇರಿಯೊಂದರ ಕಂಪ್ಯೂಟರ್ ಕೋಣೆಯ ಬೀಗ ತೆಗೆಯುತ್ತಾರೆ. ಚಪ್ಪಲಿ ಹೊರಗೆ ಬಿಟ್ಟು ಒಳಬಂದು, ಪರದೆಯ ಮೇಲಿನ ಮೂವತ್ತೊಂದು ಹೆಸರುಗಳನ್ನು ಬೆರಳಿಟ್ಟು ಓದುತ್ತಾರೆ. ದಾಖಲೆಯನ್ನು ಬರೀ ನೋಡಬಹುದಾದವರು ಹತ್ತೊಂಬತ್ತು ಮಂದಿ. ಹೊಸದನ್ನು ತುಂಬಬಹುದಾದವರು ಒಂಬತ್ತು. ಇದ್ದದ್ದನ್ನು ತಿದ್ದಬಹುದಾದವರು ಮೂರೇ ಜನ. ಒಬ್ಬರ ಅಧಿಕಾರ ಇನ್ನೊಬ್ಬರ ಕೈಗೆ ಹೋಗದಂತೆ ಕಾಯುವುದೇ ದಾಕ್ಷಾಯಿಣಿಯವರ ಕೆಲಸ.

ದಿನಕ್ಕೆ ನೂರಿಪ್ಪತ್ತು ಪಹಣಿ ಈ ಕೋಣೆಯಿಂದ ಹೊರಬೀಳುತ್ತವೆ. ಹಿಡಿದು ಹೋಗುವವರಿಗೆ ಈಕೆಯ ಹೆಸರು ಗೊತ್ತಿಲ್ಲ. ನಾಲ್ಕು ವರ್ಷದ ಗುತ್ತಿಗೆ ದುಡಿಮೆ. ಹಾಜರಿ ಪುಸ್ತಕಕ್ಕೂ ಆ ಹೆಸರು ಗೊತ್ತಿಲ್ಲ. “ಡಿಗ್ರಿ ಗಿಗ್ರಿ ಎಂತದೂ ಇಲ್ಲ. ಕೊಪ್ಪದಲ್ಲಿ ಆರು ತಿಂಗ್ಳು ಕಂಪ್ಯೂಟರ್ ಕಲ್ತೆ, ಅಷ್ಟೆ.”

ಸಾಹೇಬರು ರಜೆ ಹಾಕಿದರೆ ಪಾಸ್‌ವರ್ಡ್ ಗುಮಾಸ್ತನ ಕೈಗೆ ಕೊಟ್ಟು ಹೋಗುವುದು ಇಲ್ಲಿನ ರೂಢಿಯಾಗಿತ್ತು. ಅದನ್ನು ನಿಲ್ಲಿಸಿದವರು ದಾಕ್ಷಾಯಿಣಿ. ಆದರೆ ಜೂನ್‌ನಲ್ಲಿ ಮೇಲ್ವಿಚಾರಕ ತ್ರ್ಯಂಬಕ ಮದುವೆಗೆ ಹೊರಟವರು ಬಾಗಿಲಲ್ಲೇ ನಿಂತು, “ಗುಮಾಸ್ತ ಸೋಮನಾಥನಿಗೆ ಇವತ್ತೊಂದಿನ ತಿದ್ದೋ ಪರ್ಮಿಷನ್ ಕೊಡು” ಎಂದರು. ದಾಕ್ಷಾಯಿಣಿ ಬಾಯಿಮಾತಿಗೇ ಕೊಟ್ಟರು. ಸಂಜೆ ಬಸ್ಸಿಗೆ ಓಡುವ ಗಡಿಬಿಡಿಯಲ್ಲಿ ಹಿಂತೆಗೆಯಲು ಮರೆತರು. ಮರುದಿನವೇ ಗದ್ದೆ ಹೋಯಿತು.

“ನಾ ಮರ್ತದ್ದು ಒಂದೇ ಒಂದು ಸಾಲು. ಸೀತಕ್ಕ ಕಳ್ಕೊಂಡದ್ದು ಅನ್ನ.”

ಸೋಮನಾಥನನ್ನು ಯಾರೂ ಕೇಳಲಿಲ್ಲ. ಬಡವರ ಗದ್ದೆ ಹೋದಾಗ ಕಡತದಲ್ಲಿ ‘ಕಂಪ್ಯೂಟರ್ ದೋಷ’ ಎಂದು ಬರೆಯಲಾಗುತ್ತದೆ. ಕಂಪ್ಯೂಟರಿಗೆ ಯಾರ ಗದ್ದೆಯೂ ಬೇಕಿಲ್ಲ.

ಆದರೆ ಯಾರು, ಯಾವ ಗಳಿಗೆಯಲ್ಲಿ, ಏನು ತಿದ್ದಿದರೆಂಬುದು ಲಾಗ್‌ನಲ್ಲಿ ತಾನಾಗಿ ದಾಖಲಾಗುತ್ತದೆ. ನಾಳೆ ಸೀತಕ್ಕನ ಅರ್ಜಿಯ ವಿಚಾರಣೆ. ಅವಳಿಗಿರುವ ಸಾಕ್ಷಿ ಅದೊಂದೇ.

ಎಂಟೂವರೆಗೆ ತ್ರ್ಯಂಬಕ ಒಳಬರುತ್ತಾರೆ. “ಎಂತ ಮಾರಾಯ್ತಿ, ಕಸ ಗುಡಿಸೋಳಿಗಿಂತ ಮೊದ್ಲೇ ಹಾಜರು! ಸರ್ಕಾರ ನಿಂಗೆ ಪದಕ ಕೊಡ್ತದಾ?” ನಗು ಮುಗಿದ ಮೇಲೆ ದನಿ ತಗ್ಗುತ್ತದೆ. “ಜೂನ್ ತಿಂಗಳ ಲಾಗ್ ಇದ್ಯಲ್ಲ, ಸೋಮನಾಥನಿಗೆ ಅದನ್ನ ಅಳಿಸೋ ಪರ್ಮಿಷನ್ ಕೊಡು. ಪರ್ಮಿಷನ್ ಕೊಟ್ಟವಳು ನೀನು ಅಂತ್ಲೂ ಅದ್ರಲ್ಲೇ ಇದೆ, ತಿಳ್ಕೊ. ನಿನ್ನ ಗುತ್ತಿಗೆ ಈ ತಿಂಗ್ಳಿಗೆ ಮುಗೀತದೆ, ಅದನ್ನೂ ತಿಳ್ಕೊ.”

ದಾಕ್ಷಾಯಿಣಿ ಕೀಲಿಮಣೆಯಿಂದ ಎರಡೂ ಕೈ ತೆಗೆದು ಮಡಿಲಲ್ಲಿಟ್ಟುಕೊಳ್ಳುತ್ತಾರೆ.

“ಕೊಡಲ್ಲ ಸಾರ್. ನನ್ನ ಹೆಸ್ರೂ ಅದ್ರಲ್ಲೇ ಇರ್ಲಿ.”