ಓಬಳಮ್ಮ ಬರೆ ಹಾಕಿದ ಕೂಸುಗಳು

ಪುರವರದ ಕಡೆ ಕೂಸು ರಚ್ಚೆ ಹಿಡಿದರೂ ಬಾಲಗ್ರಹ, ಅತ್ತು ಅತ್ತು ನೀಲಿಗಟ್ಟಿದರೂ ಬಾಲಗ್ರಹ. ಬಾಲಗ್ರಹ ಅಂದರೆ ಓಬಳಮ್ಮನ ಮನೆಗೇ ಓಡಬೇಕು. ಅರಿಶಿನದ ಕೊಂಬನ್ನು ದೀಪದಲ್ಲಿ ಕಾಯಿಸಿ ಹೊಕ್ಕುಳ ಸುತ್ತ ಬರೆ ಹಾಕುತ್ತಿದ್ದಳು. ಬದುಕಿ ಉಳಿದವರು ಕಲೆ ತೋರಿಸಿಕೊಂಡು ಅವಳ ಕೈಗುಣ ಹೊಗಳುತ್ತಿದ್ದರು. ನನ್ನ ಹೊಟ್ಟೆಯ ಮೇಲೂ ನಾಲ್ಕಿವೆ. ಸತ್ತ ಕೂಸುಗಳ ಪರವಾಗಿ ಮಾತಾಡುವವರು ಯಾರು?

ನಾನು ವೇದಾವತಿ, ಇದೇ ಊರಿನ ಆಶಾ ಕಾರ್ಯಕರ್ತೆ. ಈ ಮುದುಕಿಯ ಜೊತೆ ಹದಿನೈದು ವರ್ಷ ಜಗಳವಾಡಿದ್ದೇನೆ. ಎಪ್ಪತ್ತು ದಾಟಿದ ಮೇಲೆ ಅವಳಾಗಿಯೇ ಕೊಂಬು ಬಿಟ್ಟಳು. ಆಮೇಲೆ ಹಗಲೆಲ್ಲ ಟೀವಿ ಜೋರಾಗಿ ಹಾಕಿ, ಅದಕ್ಕೆ ಬೆನ್ನು ಮಾಡಿ ಕೂರುತ್ತಿದ್ದಳು. ಯಾಕಜ್ಜಿ ಈ ಗಲಾಟೆ ಎಂದು ಗದರಿದರೆ, ಸದ್ದಿಲ್ಲದಿದ್ದರೆ ಕೂಸುಗಳ ಏದುಸಿರು ಕೇಳಿಸುತ್ತದೆ ಎಂದಳು. ಅದನ್ನು ಕೇಳಿಯೂ ನನ್ನ ಸಿಟ್ಟು ಇಳಿಯಲಿಲ್ಲ.

ಹೋದ ವರ್ಷ ಕೆಂಚಮ್ಮನ ಸೊಸೆ ಮಂಜುಳಾಗೆ ಹೆಣ್ಣು ಮಗುವಾಯಿತು. ಎರಡು ತಿಂಗಳಾದರೂ ತೂಕ ಏರಲಿಲ್ಲ. ನಾಲ್ಕು ಗುಟುಕು ಹಾಲು ಕುಡಿಯುವಷ್ಟರಲ್ಲಿ ಹಣೆ ಬೆವರಿ, ತುಟಿ ನೇರಳೆ ಹಣ್ಣು ತಿಂದ ಹಾಗಾಗುತ್ತಿತ್ತು. ಮಧುಗಿರಿಯ ಡಾಕ್ಟರು, ಹುಟ್ಟಿನಿಂದಲೇ ಹೃದಯದಲ್ಲಿ ತೂತಿದೆ, ಬೇಗ ಬೆಂಗಳೂರಿಗೆ ಕರೆದೊಯ್ಯಿರಿ, ಆಪರೇಷನ್ ಆಗದಿದ್ದರೆ ಉಳಿಯುವುದಿಲ್ಲ ಎಂದರು. ಕೆಂಚಮ್ಮ ಸುತರಾಂ ಒಪ್ಪಲಿಲ್ಲ. ಗೇಣಿಲ್ಲದ ಕೂಸಿನ ಎದೆ ಕೊಯ್ಯಿಸುವುದುಂಟೇ ಎಂದು ಸೆರಗಿನಲ್ಲಿ ಸುತ್ತಿಕೊಂಡು ಓಬಳಮ್ಮನ ಮನೆಗೆ ಹೊರಟಳು. ನಾನು ಬೈಯುತ್ತಾ ಹಿಂದೆಯೇ ಓಡಿದೆ.

ಹೋಗುತ್ತಲೇ ಕೆಂಚಮ್ಮ ದೀಪ ಹಚ್ಚಿಟ್ಟಳು. ಓಬಳಮ್ಮ ಕೂಸಿನ ಉಗುರುಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಬರಿಗೈಯಿಂದ ಬತ್ತಿ ಹಿಸುಕಿ ದೀಪ ಆರಿಸಿಬಿಟ್ಟಳು.

"ಉಳ್ಕಂಡವು ನೀಲಿ ಆಗಿರ್ನಿಲ್ಲ ಕಣೆ ಕೆಂಚಿ. ಅವುಕ್ಕೆ ಬರೀ ಹೊಟ್ಟೆನೋವು, ನಾ ಮುಟ್ದೆ ಇದ್ರೂ ಉಳೀತಿದ್ವು. ನೀಲಿ ಆಗಿದ್ದು ಒಂದೂ ಉಳೀನಿಲ್ಲ. ನಂಗೆ ಬಾಳ ದಿನದಿಂದ ಗೊತ್ತಿತ್ತು. ಎತ್ಕಂಡೋಗು."

ಕೆಂಚಮ್ಮ ಕೂಸನ್ನು ಮತ್ತೆ ಸೆರಗಿನಲ್ಲಿ ಸುತ್ತಿಕೊಂಡು ಎದ್ದಳು. ಮಾರನೆಯ ದಿನವೇ ಬೆಂಗಳೂರಿನ ಬಸ್ಸು ಹತ್ತಿದೆವು. ಆಪರೇಷನ್ ಆಯಿತು, ಕೂಸು ಬದುಕಿತು.

ಮೂರು ತಿಂಗಳ ಮೇಲೆ ಆಸ್ಪತ್ರೆಯ ಸಂಶೋಧನೆಯವರು ಇಬ್ಬರು ಊರಿಗೆ ಬಂದರು. ಇಂಥ ಮಕ್ಕಳು ಹಿಂದೆ ಯಾವ ಯಾವ ಮನೆಯಲ್ಲಿ ಹುಟ್ಟಿದ್ದವು ಎಂದು ತಿಳಿದರೆ, ಮುಂದೆ ಹುಟ್ಟುವವನ್ನು ಬೇಗ ಗುರುತಿಸಲು ಅನುಕೂಲವಂತೆ. ಕಾಗದದಲ್ಲಿ ಎಲ್ಲಿದೆ ಅದೆಲ್ಲ? ಓಬಳಮ್ಮನನ್ನೇ ಕೂರಿಸಿದೆ. ಹೆಸರಿಡುವ ಮೊದಲೇ ಹೋದ ಕೂಸುಗಳು, ಆದ್ದರಿಂದ ಮಾರಕ್ಕನ ಎರಡನೇದು, ಬೊಮ್ಮಣ್ಣನ ಕಡೇದು ಎಂದು ಮನೆ ಹಿಡಿದು ಹೇಳುತ್ತಾ ಹೋದಳು. ಒಟ್ಟು ಹತ್ತೊಂಬತ್ತಾದವು. ಅವಳ ಸ್ವಂತ ಮಗಳ ಎರಡು ಅದರಲ್ಲೇ ಇದ್ದವು. ಬರೆಯುತ್ತಿದ್ದ ಹುಡುಗಿ ಕಣ್ಣೊರೆಸಿಕೊಂಡಳು, ಮುದುಕಿ ಅಳಲಿಲ್ಲ.

ಅವರು ಹೋದ ಮೇಲೆ ಮಂಜುಳಾ ಮಗಳನ್ನು ಎತ್ತಿಕೊಂಡು ಬಂದಳು. ಅಲ್ಲೇ ಕೂತು ಹಾಲು ಕೊಟ್ಟಳು. ಕೂಸು ಎಲ್ಲೂ ನಿಲ್ಲಿಸದೆ ಗಟಗಟ ಕುಡಿಯಿತು, ತುಟಿ ಕೆಂಪಗೇ ಇತ್ತು. ಓಬಳಮ್ಮ ದೂರದಿಂದಲೇ ನೋಡಿ ನನ್ನ ಕೈ ಹಿಡಿದುಕೊಂಡಳು.

"ಆಸ್ಪತ್ರೆಗೆ ಒಯ್ದಿದ್ರೆ ಅವೂ ಇಂಗೇ ಕುಡೀತಿದ್ವೇನವ್ವ?"

ಎಷ್ಟೋ ಸಲ ಇವಳ ಮುಖಕ್ಕೆ ಹೊಡೆದ ಹಾಗೆ ಹೇಳಬೇಕೆಂದಿದ್ದ ಮಾತು ಅದು. ಈಗ ಸುಳ್ಳು ಹೇಳೋಣ ಅನ್ನಿಸಿತು, ಬಾಯಿ ಬರಲಿಲ್ಲ. ಕೆಲವು ಕುಡಿಯುತ್ತಿದ್ದವು ಅಜ್ಜಿ ಎಂದೆ.

"ಯಾವ್ಯಾವು, ಹೇಳು" ಎಂದಳು.

ಈಗಲೂ ದಾರಿಯಲ್ಲಿ ಸಿಕ್ಕಾಗಲೆಲ್ಲ ಅದನ್ನೇ ಕೇಳುತ್ತಾಳೆ.