ಕಿರಣದ ಲೆಕ್ಕದ ವಿದ್ಯಾಧೀಶರು
ಮುಳಬಾಗಿಲಿನ ವಿದ್ಯಾಧೀಶರ ಮುತ್ತಾತ ಗ್ರಹಣದ ಗಳಿಗೆಯನ್ನು ಎಂದೂ ತಪ್ಪು ಗುಣಿಸಿದವರಲ್ಲ. ತಾತ ಸರಪಳಿ ಎಳೆದು ಹಾಕಿದ ಹೊಲದ ಗಡಿಯನ್ನು ಇವತ್ತಿಗೂ ಯಾರೂ ಜಗ್ಗಿಸಿಲ್ಲ. ಮೊಮ್ಮಗ ಅಳೆಯುವುದು ಮನುಷ್ಯರ ಒಡಲನ್ನು. ಕ್ಯಾನ್ಸರ್ ಗಡ್ಡೆಗೆ ಕಿರಣ ಹಾಯಿಸುವ ಮುಂಚೆ ಕಂಪ್ಯೂಟರಿನಲ್ಲಿ ಸುಳ್ಳುಸುಳ್ಳೇ ಹಾಯಿಸಿ, ಎಲ್ಲಿ ಎಷ್ಟು ಸುಡುತ್ತದೆಂದು ನೋಡುವುದು ಆಸ್ಪತ್ರೆಯಲ್ಲಿ ಅವರ ಕೆಲಸ. "ಮೊದಲು ಪರದೆ ಮೇಲೆ ಸುಡೋಣ, ಆಮೇಲೆ ಮೈ ಮುಟ್ಟೋಣ" ಎಂಬುದೇ ಅವರ ಮಂತ್ರ. ಕಂಪ್ಯೂಟರ್ ಹೇಳಿದ್ದನ್ನು ಪೆನ್ಸಿಲ್ಲಿನಲ್ಲಿ ಮತ್ತೆ ಗುಣಿಸುತ್ತಾರೆ. ಕಾಫಿಗೆ ಸಕ್ಕರೆ ಬೀಳುವಾಗಲೂ ಬಗ್ಗಿ ಚಮಚದ ಮಟ್ಟ ನೋಡುತ್ತಾರೆ. ನನ್ನ ಪ್ರಾಸ್ಟೇಟ್ ಗ್ರಂಥಿಗೆ ಕಿರಣ ಕೊಡುವಾಗ, "ತಾತ, ಮೂತ್ರಕೋಶ ತುಂಬಿದ್ರೆ ಆಚೆ ಸರೀತದೆ, ಖಾಲಿಯಿದ್ರೆ ಕಿರಣದ ಬಾಯಿಗೇ ಬೀಳ್ತದೆ. ದಿನಾ ನೀರು ಕುಡಿದೇ ಬನ್ನಿ" ಅಂದಿದ್ದರು. ವೈಕುಂಠ ಏಕಾದಶಿಯ ದಿನ ನಾನು ತೊಟ್ಟು ನೀರೂ ಮುಟ್ಟದೆ ನಮ್ಮೂರು ಬೈರಕೂರಿನಿಂದ ಹೋಗಿ ಕಿರಣದ ಮೇಜಿನ ಮೇಲೆ ಮಲಗಿದೆ. ವಿದ್ಯಾಧೀಶರು ನನ್ನ ಒಣಗಿದ ತುಟಿ ನೋಡಿದವರೇ ಕೆಳಗಿಳಿಸಿದರು. "ಹಬ್ಬದ ದಿನ ನೀವು ಕುಡೀತೀರಾ ಸ್ವಾಮಿ?" ಎಂದು ಸಿಡುಕಿದೆ. ಬುದ್ಧಿ ಬಂದಾಗಿನಿಂದ ಒಂದು ಏಕಾದಶಿಯನ್ನೂ ಬಿಡದ ಮನುಷ್ಯ, ಒಂದು ಲೋಟ ನೀರನ್ನು ಗಟಗಟ ಕುಡಿದು, ಇನ್ನೊಂದನ್ನು ನನ್ನ ಕೈಗಿಟ್ಟರು. ನಾನೂ ಕುಡಿದೆ, ಮೂತ್ರಕೋಶ ತುಂಬುವವರೆಗೆ ಕಾದು ಮತ್ತೆ ಮಲಗಿದೆ. ಎಲ್ಲ ದಿನಗಳ ಚಿಕಿತ್ಸೆ ಮುಗಿದಾಗ ಡಾಕ್ಟರು, ಗಡ್ಡೆ ಕರಗಿದೆ, ಮೂತ್ರಕೋಶಕ್ಕೆ ಏನೂ ಆಗಿಲ್ಲ ಎಂದರು. ಎದೆ ಮೇಲಿನ ಭಾರ ಇಳಿದಂತಾಗಿ ವಿದ್ಯಾಧೀಶರ ಬಳಿಗೆ ಓಡಿ, "ನಿಮ್ಮ ವ್ರತ ಕೆಟ್ಟಿದ್ದು ನನ್ನಿಂದ, ಪ್ರಾಯಶ್ಚಿತ್ತ ನಾನೇ ಮಾಡಿಸ್ತೀನಿ" ಎಂದೆ. "ಬೇಡ ತಾತ. ಕುಡಿದವನು ನಾನು, ದೇವರಿಗೆ ನಾನೇ ಹೇಳ್ಕೋತೀನಿ. ನೀವು ಬಸ್ಸು ಹತ್ತಿ."