ಬಾಡಿಗೆ ರೋಗಿಗಳ ವಾರ್ಡು

ಕಳೆದ ವರ್ಷ ದೀಪಾವಳಿ ಮುಗಿದ ಮೇಲಿನ ಒಂದು ಗುರುವಾರ, ಬೆಳಿಗ್ಗೆ ಎಂಟು ಗಂಟೆ. ಹಾಜರಿದ್ದವರು: ನಾನು, ಮೊದಲ ವರ್ಷದ ನನ್ನ ವಿದ್ಯಾರ್ಥಿನಿಯರು, ಕಾಲೇಜಿನ ಕಾರ್ಯದರ್ಶಿ, ಮತ್ತು ಒಂದು ಟೆಂಪೋ ತುಂಬ ಆರೋಗ್ಯವಂತ ಜನ.

ಆ ಜನ ರೋಗಿಗಳಾಗಲು ಬಂದಿದ್ದರು.

ಅಥಣಿ, ರಾಯಬಾಗ ಕಡೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದ ನಾನು ಆ ಜೂನ್‌ನಿಂದ ಚಿಕ್ಕೋಡಿ ಸೀಮೆಯ ಒಂದು ಖಾಸಗಿ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ನನ್ನ ವಿಷಯ ಶುಶ್ರೂಷೆಯ ಬುನಾದಿ. ಹಾಸಿಗೆ ಹಾಸುವುದು, ಮೈ ಒರೆಸುವುದು, ಗಾಯ ತೊಳೆಯುವುದು, ಎಲ್ಲಕ್ಕಿಂತ ಮೊದಲು ರೋಗಿಯನ್ನು ಸರಿಯಾಗಿ ನೋಡುವುದು. ಇಂಥ ಕಾಲೇಜಿಗೆ ಸ್ವಂತ ಆಸ್ಪತ್ರೆ ಇರಬೇಕು. ಇತ್ತು. ಬೋರ್ಡು ಇತ್ತು, ಮಂಚಗಳಿದ್ದವು, ಮಂಚಕ್ಕೊಂದು ಸಲೈನ್ ಸ್ಟ್ಯಾಂಡೂ ಇತ್ತು. ರೋಗಿಗಳು ಎಲ್ಲಿ ಎಂದು ನಾನು ಕೇಳಿದಾಗಲೆಲ್ಲ ಕಾರ್ಯದರ್ಶಿ ‘ಬರತಾರ, ತಡೀರಿ’ ಎನ್ನುತ್ತಿದ್ದರು. ಹುಡುಗಿಯರು ಪ್ಲಾಸ್ಟಿಕ್ ಗೊಂಬೆಯ ಕೈಗೆ ಸೂಜಿ ಚುಚ್ಚಿ, ಗೊಂಬೆಯ ಬೆನ್ನು ತಿಕ್ಕಿ ಕಲಿಯುತ್ತಿದ್ದರು. ಅಂದು ಕಾಲೇಜಿಗೆ ಮಾನ್ಯತೆ ಕೊಡುವವರ ತಪಾಸಣೆ. ಹೀಗಾಗಿ ರೋಗಿಗಳು ಬಂದರು.

ಕಾರ್ಯದರ್ಶಿ ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೆ ಒಂದೊಂದು ರೋಗ ಹಂಚತೊಡಗಿದರು. ಪಟಕಾ ಸುತ್ತಿದ ಮುದುಕನೊಬ್ಬ ತನ್ನ ಪಾಲಿಗೆ ಬಂದದ್ದನ್ನು ಕೇಳಿ ಹಿಂದೆ ಸರಿದ.

“ನನಗ ಟೀಬಿ ಬ್ಯಾಡ್ರಿ ಸಾಹೇಬ್ರ. ಮನ್ಯಾಗ ಮೊಮ್ಮಗಳ ಲಗ್ನ ಗಟ್ಟಿ ಆಗೇತಿ. ಬೀಗರಿಗೆ ಗೊತ್ತಾದ್ರ ಏನ್ ಹೇಳೂದು? ಜ್ವರಾ ಇದ್ರ ಕೊಡ್ರಿ.”

ಎಲ್ಲರೂ ನಕ್ಕರು, ಹುಡುಗಿಯರೂ ನಕ್ಕರು. ನನಗೆ ನಗು ಬರಲಿಲ್ಲ. ನಾನು ಕಲಿತದ್ದು ರಾಜ್ಯದ ಗಡಿಯಾಚೆಯ ಒಂದು ಮಿಷನ್ ಆಸ್ಪತ್ರೆಯಲ್ಲಿ. ಅಲ್ಲಿ ಪುಸ್ತಕ ಕೈಗೆ ಬರುವ ಮೊದಲು ಬೆಡ್‌ಪ್ಯಾನ್ ಬಂತು. ಮನೆಯಲ್ಲಿ ‘ಕಂಡವರ ಮೈ ಮುಟ್ಟುವ ಕೆಲಸ’ ಎಂದು ಬೈದರು. ಹೌದು, ಅದೇ ಕೆಲಸ. ಮೈ ಮುಟ್ಟದೆ ಕಲಿಯುವ ನರ್ಸಿಂಗ್ ಯಾವುದು? ನಮ್ಮ ಹಿಂದಿನವರು ಬೈಗುಳ ತಿಂದು, ರಾತ್ರಿ ಪಾಳಿ ಮಾಡಿ, ಈ ಕೆಲಸಕ್ಕೊಂದು ಶಿಸ್ತು, ಒಂದು ಪರೀಕ್ಷೆ, ಒಂದು ನೋಂದಣಿ ತಂದರು. ಈಗ ಕಬ್ಬಿನ ಹೊಲದ ಬದಿಯಲ್ಲಿ ನಾಲ್ಕು ಕೋಣೆ ಕಟ್ಟಿ, ಬಡವರ ಹೆಣ್ಣುಮಕ್ಕಳಿಂದ ಫೀಸು ಎತ್ತಿ, ಬಾಡಿಗೆ ಮೈಗಳನ್ನು ಮಲಗಿಸಿ, ಇದೇ ವಾರ್ಡು ಎನ್ನುತ್ತಾರೆ. ಇದೇ ಹುಡುಗಿಯರು ನಾಳೆ ನಿಮ್ಮ ಮನೆಯವರ ಹಾಸಿಗೆಯ ಪಕ್ಕ ನಿಲ್ಲುವವರು.

ಹಿಂದಿರುಗಿ ಮನೆಗೆ ಹೋಗುವುದೆಂದುಕೊಂಡೆ. ಅಷ್ಟರಲ್ಲಿ ಒಬ್ಬ ವಿದ್ಯಾರ್ಥಿನಿ, ಸದಲಗಾದಲ್ಲಿ ಹಣ್ಣು ಮಾರುವವರ ಮಗಳು, ಹತ್ತಿರ ಬಂದು ಮೆಲ್ಲಗೆ, ಮೂಲೆಯ ಮಂಚದ ಅಜ್ಜಿಯ ಕಡೆಯಿಂದ ವಾಸನೆ ಬರುತ್ತಿದೆ ಎಂದಳು.

ಅಜ್ಜಿ ಅಲಖನೂರ ಕಡೆಯವಳು, ಕುರಿ ಆಡು ಸಾಕುವ ಮನೆತನ. ಆಕೆಗೆ ಕೊಟ್ಟಿದ್ದ ರೋಗ ಬಿಪಿ. ಚಾದರವನ್ನು ಕಾಲಿಗೆ ಬಿಗಿಯಾಗಿ ಸುತ್ತಿಕೊಂಡಿದ್ದಳು. ಸರಿಸಿದೆವು. ಬಲಗಾಲಿನ ಹೆಬ್ಬೆರಳಿಗೆ ತಂಬಾಕಿನ ಎಲೆ ಸುತ್ತಿ ಸುತಳಿ ಕಟ್ಟಿದ್ದಳು. ಎಲೆ ಬಿಚ್ಚಿದಾಗ ಬೆರಳಿನ ತುದಿ ಕಪ್ಪಾಗಿತ್ತು, ಅದರ ಕೆಳಗೆ ಕೀವು. ಆಡಿಗೆ ಮೇವು ತರಲು ಕಡಿದ ಕಬ್ಬಿನ ಹೊಲಕ್ಕೆ ಹೋದಾಗ ಕೂಳೆಯ ಮೊನೆ ಚುಚ್ಚಿತಂತೆ.

“ಏನೂ ನೂಸೂದಿಲ್ಲ ಅಕ್ಕಾರ, ಬಿಡ್ರಿ” ಎಂದಳು.

ನೋವಿಲ್ಲ ಎಂದದ್ದಕ್ಕೇ ನನಗೆ ಭಯವಾಯಿತು. ಸಕ್ಕರೆ ಕಾಯಿಲೆ ಕಾಲಿನ ಅರಿವನ್ನು ಕೊಂದ ಮೇಲೆ ಗಾಯ ಸದ್ದಿಲ್ಲದೆ ಬೆಳೆಯುತ್ತದೆ. ತಡಮಾಡಿದರೆ ಬೆರಳು ಹೋಗುತ್ತದೆ, ಆಮೇಲೆ ಪಾದ. ಸಕ್ಕರೆ ನೋಡುವ ಯಂತ್ರ ತರಿಸಿದೆ. ಯಂತ್ರ ಹೊಸದು, ಅದಕ್ಕೆ ಹಾಕುವ ಪಟ್ಟಿ ಒಂದೂ ಇರಲಿಲ್ಲ. ಗಾಜಿನ ಕಪಾಟಿನಲ್ಲಿ ಗಾಜ್ ಬಟ್ಟೆ, ಸಲೈನ್, ಇಕ್ಕಳ ಎಲ್ಲ ಜೋಡಿಸಿಟ್ಟಿದ್ದರು. ಬೀಗ ಹಾಕಿತ್ತು. ಕೀಲಿ ಕೇಳಿದೆ.

“ತಪಾಸಣಿ ಮುಗೀಲಿ ಸಿಸ್ಟರ್, ಈಗ ಪಾಕೀಟ ಹರದ್ರ ಕಪಾಟ ಖಾಲಿ ಕಾಣತೈತಿ” ಎಂದರು ಕಾರ್ಯದರ್ಶಿ. “ಆಕಿ ಖರೇ ಪೇಶಂಟ್ ಅಲ್ಲ. ಆಮ್ಯಾಲ ಟೆಂಪೋದಾಗ ಹೋಗಾಕಿ.”

“ಇಷ್ಟು ಮಂದ್ಯಾಗ ಖರೇ ಪೇಶಂಟ್ ಆಕಿ ಒಬ್ಬಾಕೀನ ಅದಾಳ್ರಿ” ಎಂದೆ.

ಅವರು ಕೀಲಿ ಕೊಡಲಿಲ್ಲ. ತಪಾಸಣೆಯವರ ಕಾರು ಅಂಗಳಕ್ಕೆ ಬಂದಿತ್ತು.

ಬಂದವರು ಇಬ್ಬರು. ಮಂಚಗಳನ್ನು ಎಣಿಸುತ್ತ ಬಂದರು, ಮುಖಗಳನ್ನು ನೋಡಲಿಲ್ಲ. ಜ್ವರ ಪಡೆದ ಮುದುಕ ಬೇಕಾದ್ದಕ್ಕಿಂತ ಜೋರಾಗಿ ನರಳುತ್ತಿದ್ದ. ಮೂಲೆಯ ಮಂಚದ ಹತ್ತಿರ ನಾನು ಚಾದರ ಎತ್ತಿ ಕಾಲು ತೋರಿಸಿದೆ. ಈ ಕಾಲು ಕೊಳೆಯುತ್ತಿದೆ, ಇವಳಿಗೆ ಆಸ್ಪತ್ರೆ ಬೇಕು ಎಂದೆ. ಅವರಲ್ಲಿ ಹಿರಿಯರು ನನ್ನನ್ನು ವಿಚಿತ್ರವಾಗಿ ನೋಡಿದರು.

“ಇದೇ ಆಸ್ಪತ್ರೆಯಲ್ಲವೇ ಸಿಸ್ಟರ್? ಚಿಕಿತ್ಸೆ ಕೊಡಿ.”

ಕಾರ್ಯದರ್ಶಿಯ ಜೇಬಿನಿಂದ ಕೀಲಿ ತಾನಾಗಿ ಹೊರಬಂತು. ನಾನು ಕೈ ತೊಳೆದೆ, ವಾಸನೆ ಗುರುತಿಸಿದ್ದ ಹುಡುಗಿಯ ಕೈ ತೊಳೆಸಿದೆ. ಸಲೈನ್ ಹಾಕಿ ಗಾಯ ತೊಳೆದೆವು. ಹುಡುಗಿ ಇಕ್ಕಳದಲ್ಲಿ ಗಾಜ್ ಹಿಡಿದು ಕೀವು ಒರೆಸಿದಳು. ಉಳಿದವರು ಸುತ್ತ ನಿಂತು ನೋಡಿದರು. ಜೂನ್‌ನಿಂದ ಅವರು ಕಂಡ ಮೊದಲ ಗಾಯ ಅದು. ಒಬ್ಬಳು ವಾಂತಿ ಬಂದು ಹೊರಗೆ ಓಡಿ, ತಾನಾಗಿಯೇ ಮರಳಿ ಬಂದು ನಿಂತಳು. ಆಗ ಕಾರ್ಯದರ್ಶಿ ಫೋಟೋದವನನ್ನು ಕರೆದು ನಮ್ಮ ಚಿತ್ರ ತೆಗೆಸಿದರು. ‘ಭಾಳ ಛಲೋ ಆತು, ಫೈಲಿಗೆ ಹಚ್ಚೂಣು’ ಎಂದು ನನ್ನ ಮುಂದೆಯೇ ಅವನಿಗೆ ಹೇಳಿದರು. ಆ ದಿನ ಅಲ್ಲಿ ನಡೆದ ಒಂದೇ ನಿಜವಾದ ಕೆಲಸವೂ ಅವರ ಸುಳ್ಳಿಗೆ ಸಾಕ್ಷಿಯಾಯಿತು. ಆ ಫೋಟೋ ಈಗ ಅವರ ಪ್ರವೇಶದ ಜಾಹೀರಾತಿನಲ್ಲಿದೆ. ನೋಡಿದಾಗಲೆಲ್ಲ ನನ್ನ ರಕ್ತ ಕುದಿಯುತ್ತದೆ.

ಮಧ್ಯಾಹ್ನ ಕಾರು ಹೋಯಿತು. ಟೆಂಪೋ ಹಾರ್ನ್ ಹಾಕಿತು. ಅಜ್ಜಿಯನ್ನು ಇಲ್ಲೇ ಉಳಿಸಿಕೊಳ್ಳಿ, ಡಾಕ್ಟರನ್ನು ಕರೆಸಿ ಎಂದೆ. ಕಾರ್ಯದರ್ಶಿ ಸಿಟ್ಟಾಗಲಿಲ್ಲ, ತಿಳಿಯದವಳಿಗೆ ತಿಳಿಸುವಂತೆ ಮಾತಾಡಿದರು. ಇಲ್ಲಿ ರಾತ್ರಿ ವಾಚ್‌ಮನ್ ಒಬ್ಬನೇ ಇರುತ್ತಾನೆ, ಡಾಕ್ಟರ ಹೆಸರು ಬೋರ್ಡಿನ ಮೇಲಷ್ಟೇ ಇದೆ, ನಿಮಗೂ ಗೊತ್ತಿದ್ದ ಸಂಗತಿ ಎಂದರು. ಸಾಲು ಸಾಲು ಮಂಚಗಳಿರುವ ಮನೆಯಲ್ಲಿ ರೋಗಿಯೊಬ್ಬಳಿಗೆ ಮಲಗಲು ಜಾಗವಿರಲಿಲ್ಲ.

ಸರ್ಕಾರಿ ಆಸ್ಪತ್ರೆಗೆ ಹೋಗೋಣ ಎಂದರೆ ಅಜ್ಜಿ ಒಪ್ಪಲಿಲ್ಲ. ಆಡುಗಳು ಹಾದಿ ನೋಡುತ್ತವೆ, ಹಾಲು ಹಿಂಡುವವರು ಯಾರು ಎಂದು ಚಪ್ಪಲಿ ಹುಡುಕತೊಡಗಿದಳು. ನಾನು ಹೆದರಿಸಿ ನೋಡಿದೆ, ಬೈದು ನೋಡಿದೆ. ಹಣ್ಣು ಮಾರುವವರ ಮಗಳು ಆಕೆಯ ಪಕ್ಕ ಕುಳಿತು, ಆಡು ಎಷ್ಟಿವೆ, ಮರಿ ಹಾಕಿದ್ದು ಯಾವುದು ಎಂದು ಕೇಳಿದಳು. ಊರಲ್ಲಿದ್ದ ಅಜ್ಜಿಯ ಸೊಸೆಗೆ ತನ್ನ ಫೋನಿನಿಂದಲೇ ಕರೆ ಹಚ್ಚಿ ಅಜ್ಜಿಯ ಕೈಗೆ ಕೊಟ್ಟಳು. ಸೊಸೆ ತಾನು ಹಿಂಡುತ್ತೇನೆ ಎಂದಳು. ಅಜ್ಜಿ ಆಗಲೂ ಅನುಮಾನಿಸಿದಳು. ಹುಡುಗಿ ಬಿಡಲಿಲ್ಲ.

“ಅಜ್ಜೀ, ಕಾಲ ಹ್ವಾದ್ರ ಆಡಿನ ಬೆನ್ನ ಹತ್ತಿ ಓಡಾವ್ರು ಯಾರ? ನಿನ್ ಸೊಸಿ ಓಡತಾಳೇನ?”

“ಆಕಿ ಎಲ್ಲಿ ಓಡತಾಳವ್ವ, ದಪ್ಪನಾಕಿ” ಎಂದು ಅಜ್ಜಿ ಆಸ್ಪತ್ರೆಗೆ ಹೊರಡಲು ಕಾಲು ಕೆಳಗಿಟ್ಟಳು.

ನಾನೂ ಹುಡುಗಿಯೂ ಅಜ್ಜಿಯ ಜೊತೆ ಹತ್ತಿ, ಟೆಂಪೋದವನಿಗೆ ಚಿಕ್ಕೋಡಿಯ ಸರ್ಕಾರಿ ಆಸ್ಪತ್ರೆಯ ಮುಂದೆ ನಿಲ್ಲಿಸು ಎಂದೆ. ಅದು ಅವನ ದಾರಿಯಲ್ಲಿರಲಿಲ್ಲ. ಗೊಣಗುತ್ತ ಹೊರಟವನನ್ನು ಜ್ವರದ ಮುದುಕನೇ ಬೈದು ಸುಮ್ಮನಿರಿಸಿದ.

ಆಸ್ಪತ್ರೆಯಲ್ಲಿ ಪಾಳಿಯ ನರ್ಸ್ ಒಬ್ಬಳೇ, ಕೈತುಂಬ ಕೆಲಸ. ಆದರೂ ನಿಂತು ಪೂರ್ತಿ ಕೇಳಿಸಿಕೊಂಡಳು. ಗಾಯ ಎಲ್ಲಿದೆ, ಯಾವ ಬಣ್ಣ, ಯಾವುದರಿಂದ ಆಯಿತು, ಏನು ಹಾಕಿ ತೊಳೆದೆವು ಎಂಬುದನ್ನು ಹುಡುಗಿಯಿಂದಲೇ ಹೇಳಿಸಿದೆ. ಸಕ್ಕರೆ ನೋಡಿದರು, ಬಹಳ ಏರಿತ್ತು. ಡಾಕ್ಟರು ಬಂದು ಕಾಲು ನೋಡಿ, ಬೆರಳಿನ ಮಾತು ಹೇಳಲಾಗದು, ಪಾದ ಉಳಿಸೋಣ ಎಂದು ಇನ್ಸುಲಿನ್ ಬರೆದರು. ಅಜ್ಜಿಗೆ ಹಾಸಿಗೆ ಸಿಕ್ಕಿತು. ಸೊಸೆ ಆಡುಗಳನ್ನು ಹಿಂಡಿ, ಅಜ್ಜಿಯ ಮಗನನ್ನು ಕರೆದುಕೊಂಡು ಸಂಜೆಯ ಬಸ್ಸಿಗೆ ಬರುವವಳಿದ್ದಳು.

ಪಾಳಿಯ ನರ್ಸ್ ಇನ್ನು ನಾನು ನೋಡಿಕೊಳ್ಳುತ್ತೇನೆ, ಹೋಗಿ ಎಂದಳು. ಒಂದು ಕೆಲಸ ಬಾಕಿ ಇತ್ತು. ಅಜ್ಜಿಯ ಎಡಗಾಲನ್ನು ಬೆಳಗಿನಿಂದ ಯಾರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಹುಡುಗಿ ಬೋಗುಣಿಯಲ್ಲಿ ಬೆಚ್ಚಗಿನ ನೀರು ತಂದಳು. ಹೊಲದ ಕರಿ ಮಣ್ಣು ಹಿಮ್ಮಡಿಯ ಬಿರುಕುಗಳಲ್ಲಿ ಗಟ್ಟಿಯಾಗಿ ಕೂತಿತ್ತು. ನೆನೆಸಿ, ಸೋಪು ಹಚ್ಚಿ, ಒಂದೊಂದೇ ಬೆರಳಿನ ಸಂದಿ ತೊಳೆದೆವು. ಗಾಯವಿರಲಿಲ್ಲ. ಹುಡುಗಿ ಸಂದಿಗಳಲ್ಲಿ ಪಸೆ ಉಳಿಯದಂತೆ ಬಟ್ಟೆಯಿಂದ ಒತ್ತಿ ಒಣಗಿಸಿದಳು. ನಾನು ಬೋಗುಣಿಯ ನೀರು ಚೆಲ್ಲಿ, ತೊಳೆದು, ಕವುಚಿ ಇಟ್ಟೆ.